ಗೋಡೆಯೂ ಬೇಕು, ಬಾಗಿಲೂ ಬೇಕು

ಮೇಜಿನ ಮೇಲಣ ಕಂಪ್ಯೂಟರಿನಲ್ಲಿ ಒಂದೆಡೆ ಪತ್ರವನ್ನು ಬರೆಯುತ್ತ, ಒಂದೆಡೆ ಸಂಗೀತವನ್ನು ಕೇಳುತ್ತ, ಮತ್ತೊಂದೆಡೆ ಮನೆಯ ಲೆಕ್ಕವನ್ನು ತೆರೆದಿಟ್ಟುಕೊಂಡಿರುವುದು ಈಗ ಅನೇಕ ಗೃಹಸ್ಥರಿಗೆ ವಾಡಿಕೆಯಾಗಿರುವುದಷ್ಟೆ. ಸಂಗೀತದ ಪ್ರೋಗ್ರಾಮು ಕೆಟ್ಟು ನಿಂತರೂ ಅರ್ಧ ಬರೆದ ಪತ್ರಕ್ಕೆ ಸಾಮಾನ್ಯವಾಗಿ ಹಾನಿಯಾಗದು. ಅದೇಕೆಂದು ವಾಚಕರು ಎಂದಾದರೂ ಆಲೋಚಿಸಿರುವರೆ? ಇದರ ಮರ್ಮವು ನೆರೆಹೊರೆಯ ನೀತಿಯೇ ಆಗಿದೆ: ಮನೆಗೆ ಗೋಡೆಯೂ ಬೇಕು, ಬಾಗಿಲೂ ಬೇಕು.

ಮೊದಲು ಗೋಡೆಯ ಮಾತು. ನಡೆಯುತ್ತಿರುವ ಪ್ರೋಗ್ರಾಮಿಗೆ ‘ಪ್ರೋಸೆಸ್’ ಎಂದು ಹೆಸರು. ಆಪರೇಟಿಂಗ್ ಸಿಸ್ಟಮ್ ಎಂಬ ಯಜಮಾನನು ಪ್ರತಿಯೊಂದು ಪ್ರೋಸೆಸ್ಸಿಗೂ ಪ್ರತ್ಯೇಕವಾಗಿ ಮೆಮೊರಿಯನ್ನು ಹಂಚಿಕೊಟ್ಟು, ಒಂದು ಮತ್ತೊಂದರ ಎಲ್ಲೆಯನ್ನು ಮೀರದಂತೆ ಕಾಯುವನು. 1992ರ ವಿಂಡೋಸ್ 3.1ರಲ್ಲಿ ಈ ಗೋಡೆಗಳು ಗಟ್ಟಿಯಾಗಿರಲಿಲ್ಲ. ವಿಂಡೋಸ್ ಪ್ರೋಗ್ರಾಮುಗಳಲ್ಲಿ ಒಂದು ತಾನಾಗಿ ಎಡೆಗೊಡದಿದ್ದರೆ ಉಳಿದವೂ ಸ್ತಬ್ಧವಾಗುತ್ತಿದ್ದವು. 1995ರ ವಿಂಡೋಸ್ 95 ಹೊಸ ಬಗೆಯ ಪ್ರೋಗ್ರಾಮುಗಳಿಗೆ ಬೇರೆ ಬೇರೆ ಮನೆಗಳನ್ನು ಕೊಟ್ಟು, ಅವುಗಳ ಸರದಿಯನ್ನೂ ತಾನೇ ನಿಯಮಿಸತೊಡಗಿತು. 2008ರಲ್ಲಿ ಬಂದ ಕ್ರೋಮ್ ಬ್ರೌಸರು, ಒಂದು ಪುಟವು ಬಿದ್ದರೆ ಎಲ್ಲವೂ ಬೀಳದಿರಲೆಂದು, ಪುಟಗಳನ್ನು ಬೇರೆ ಬೇರೆ ಪ್ರೋಸೆಸ್ಸುಗಳಲ್ಲಿ ಇರಿಸಿತು.

ಆದರೆ ಬಾಗಿಲಿಲ್ಲದ ಮನೆಯು ಸೆರೆಮನೆಯಲ್ಲವೆ? ಲೆಕ್ಕದ ಮೊತ್ತವು ಪತ್ರಕ್ಕೆ ಬರಬೇಕಾದರೆ ಪ್ರೋಸೆಸ್ಸುಗಳು ಮಾತನಾಡಲೇಬೇಕು. ಒಂದರಿಂದ ಹೊರಬಂದ ಮಾಹಿತಿಯನ್ನು ತೋಟದ ನೀರಿನ ಕೊಳವೆಯಂತೆ ಇನ್ನೊಂದಕ್ಕೆ ಜೋಡಿಸಬೇಕೆಂದು ಅಮೆರಿಕದ ಬೆಲ್ ಪ್ರಯೋಗಶಾಲೆಯ ಡಗ್ಲಸ್ ಮೆಕಿಲ್‌ರಾಯ್ ಎಂಬವರು 1964ರಲ್ಲಿ ಸೂಚಿಸಿದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯೂನಿಕ್ಸಿನಲ್ಲಿ ಸಾಧಿಸಿ ತೋರಿಸಿದರು. ಇದಕ್ಕೆ ‘ಪೈಪ್’ ಎಂದೇ ಹೆಸರು.

ಇದಲ್ಲದೆ ಇಬ್ಬರಿಗೂ ಸೇರಿದ ಅಂಗಳದಂತೆ ಮೆಮೊರಿಯ ಒಂದು ಭಾಗವನ್ನು ಹಂಚಿಕೊಳ್ಳುವ ಕ್ರಮವೂ ಉಂಟು. ಇದು ಬಹು ಶೀಘ್ರವಾದುದು. ಅಪಾಯವೂ ಇದರಲ್ಲಿಯೇ ಇರುವುದು. ಲೆಕ್ಕದಲ್ಲಿ 1000 ರೂಪಾಯಿ ಇರುವುದೆನ್ನೋಣ. ಇಬ್ಬರೂ ಒಮ್ಮೆಗೇ ಅದನ್ನು ಓದಿ, ತಮ್ಮ ತಮ್ಮ 100ನ್ನು ಕೂಡಿಸಿ, ಇಬ್ಬರೂ 1100 ಎಂದೇ ಬರೆದರೆ, ಯಾರೂ ಕದಿಯದೆಯೇ ನೂರು ರೂಪಾಯಿ ಮಾಯವಾಯಿತು! ಇದನ್ನು ತಡೆಯಲೆಂದು ಹಾಲೆಂಡಿನ ಡೈಕ್‌ಸ್ಟ್ರಾ ಎಂಬ ವಿದ್ವಾಂಸರು 1960ರ ದಶಕದಲ್ಲಿ ‘ಸೆಮಾಫೋರ್’ ಎಂಬ ಉಪಾಯವನ್ನು ಕಲ್ಪಿಸಿದರು. ಕೀಲಿಕೈ ಪಡೆದವನೇ ಪುಸ್ತಕವನ್ನು ಮುಟ್ಟಬೇಕು, ಮುಗಿದೊಡನೆ ಹಿಂದಿರುಗಿಸಬೇಕು. ಆದರೆ ಎರಡು ಕೀಲಿಕೈಗಳು ಬೇಕಾದಲ್ಲಿ ಇಬ್ಬರೂ ಒಂದೊಂದನ್ನು ಹಿಡಿದು ಮತ್ತೊಂದಕ್ಕಾಗಿ ಕಾದರೆ ಇಬ್ಬರೂ ಎಂದೆಂದಿಗೂ ಕಾಯುತ್ತಲೇ ಇರಬೇಕಾದೀತು. ಎಲ್ಲರೂ ಒಂದೇ ಕ್ರಮದಲ್ಲಿ ಕೀಲಿಕೈಗಳನ್ನು ತೆಗೆದುಕೊಳ್ಳುವುದೇ ಇದಕ್ಕೆ ಪರಿಹಾರ.

ಇನ್ನೊಂದು ಮುಖ್ಯ ನಿಯಮವುಂಟು. ನಾವು ಒತ್ತಿದ ಅಕ್ಷರಕ್ಕೆ ಓಗೊಡುವ ಭಾಗವು ಬೇರೆಯವರ ಉತ್ತರಕ್ಕಾಗಿ ಕಾದು ಕೂರಬಾರದು. ಹಾಗೆ ಕೂತರೆ, ಅತಿಥಿಯನ್ನು ಬಾಗಿಲಲ್ಲಿ ನಿಲ್ಲಿಸಿ ಯಜಮಾನನೇ ಸಂತೆಗೆ ಹೋದಂತಾಗಿ, ಕಿಟಕಿಯು ಮರಗಟ್ಟುವುದು. ದೀರ್ಘವಾದ ಕೆಲಸವನ್ನು ಹಿನ್ನೆಲೆಯ ಸಹಾಯಕನಿಗೆ ಒಪ್ಪಿಸಿ, ತಾನು ಬಾಗಿಲಲ್ಲಿಯೇ ಇರುವುದು ಜಾಣ ಪ್ರೋಗ್ರಾಮಿನ ಲಕ್ಷಣ.

ಆದುದರಿಂದ ವಾಚಕರೇ, ಒಂದು ಕಿಟಕಿ ಮರಗಟ್ಟಿತೆಂದು ಗಾಬರಿಯಿಂದ ಯಂತ್ರವನ್ನೇ ಆರಿಸಬೇಡಿರಿ. ಸ್ವಲ್ಪ ತಾಳಿ, ಮಿಕ್ಕ ಕಿಟಕಿಗಳ ಬರಹವನ್ನು ಉಳಿಸಿಕೊಂಡು, ಕೆಟ್ಟದ್ದೊಂದನ್ನೇ ಮುಚ್ಚಿರಿ. ಅಷ್ಟು ಕಷ್ಟಪಟ್ಟು ಕಟ್ಟಿದ ಗೋಡೆಗಳು ನಿಮ್ಮ ಅರ್ಧ ಬರೆದ ಪತ್ರವನ್ನು ಕಾಯುವುದಕ್ಕಾಗಿಯೇ ಇವೆ.