ತಡವರಿಸುವ ಚಿತ್ರ

ತೆರೆಯ ಮೇಲಿನ ಕುದುರೆ ನಿಜವಾಗಿ ಓಡುವುದಿಲ್ಲ. ಒಂದರ ಹಿಂದೊಂದು ವೇಗವಾಗಿ ಬರುವ ಸ್ಥಿರಚಿತ್ರಗಳನ್ನು ಕಂಡು ಮನುಷ್ಯನ ಕಣ್ಣು ಅದನ್ನು ಓಟವೆಂದು ಭಾವಿಸುತ್ತದೆ. ಸೆಕೆಂಡಿಗೆ 25 ಚಿತ್ರಗಳು ಮೂಡಬೇಕಾದರೆ ಒಂದೊಂದಕ್ಕೂ ದೊರೆಯುವ ಕಾಲ 40 ಮಿಲಿಸೆಕೆಂಡು ಮಾತ್ರ. ಗಣಕಯಂತ್ರವು ಈ ಗಡುವನ್ನು ಮೀರಿದರೆ ಚಿತ್ರ ತಡವರಿಸುತ್ತದೆ. ಮಾತು ಮುಂದೆ ಸಾಗಿ ತುಟಿ ಹಿಂದುಳಿಯುತ್ತದೆ. ಆಗ ಯಂತ್ರವೇ ಹಳತಾಯಿತೆಂದು ಬಗೆದು ಅನೇಕರು ಹೊಸದನ್ನು ಕೊಳ್ಳಲು ಹೊರಡುತ್ತಾರೆ. ದೋಷದ ನೆಲೆಯನ್ನು ಅರಿಯದೆ ಮಾಡುವ ಈ ವೆಚ್ಚ ಎಷ್ಟೋ ಸಲ ವ್ಯರ್ಥವಾಗುತ್ತದೆ.

1920 ಬಿಂದುಗಳ ಅಗಲ, 1080 ಬಿಂದುಗಳ ಎತ್ತರವುಳ್ಳ ಚಿತ್ರವೊಂದರಲ್ಲಿ 20,73,600 ಬಿಂದುಗಳಿರುತ್ತವೆ. ಬಿಂದುವಿಗೆ ಮೂರು ಬೈಟ್‌ಗಳಂತೆ ಲೆಕ್ಕ ಹಿಡಿದರೆ ಸೆಕೆಂಡಿಗೆ 15 ಕೋಟಿಗೂ ಮಿಕ್ಕ ಬೈಟ್‌ಗಳಾಗುತ್ತವೆ. ಇಷ್ಟನ್ನು ಹಾಗೆಯೇ ಕೂಡಿಡುವುದು ಕಷ್ಟ. ಆದುದರಿಂದ ಚಿತ್ರಗಳನ್ನು ಅಡಕಗೊಳಿಸುತ್ತಾರೆ. ಗೋಡೆಯ ಮುಂದೆ ಒಬ್ಬನು ನಡೆದುಹೋದರೆ ಗೋಡೆಯನ್ನು ಮತ್ತೆ ಮತ್ತೆ ಬರೆದಿಡುವುದಿಲ್ಲ, ಬದಲಾದುದನ್ನಷ್ಟೇ ಬರೆದಿಡುತ್ತಾರೆ. ನೋಡುವಾಗ ಆ ಅಡಕವನ್ನು ಬಿಡಿಸಬೇಕು. ಈ ಕೆಲಸದ ಸೂತ್ರಗಳನ್ನು ಪ್ರತಿಯೊಬ್ಬರೂ ಹೊಸದಾಗಿ ಬರೆಯಬೇಕಾಗಿಲ್ಲ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಆರಂಭಿಸಿದ ‘ಎಫ್‌ಎಫ್‌ಎಂಪೆಗ್’ ಎಂಬುದು ಅಂಥ ಸಿದ್ಧ ಸೂತ್ರಗಳ ಭಂಡಾರ. ತಂತ್ರಾಂಶ ರಚಿಸುವವರು ಅದರಿಂದ ಬೇಕಾದುದನ್ನು ಪಡೆದು ಬಳಸುತ್ತಾರೆ.

ಕಡತವನ್ನು ಓದುವುದು, ಅಡಕವನ್ನು ಬಿಡಿಸುವುದು, ಬಣ್ಣವನ್ನು ಪರಿವರ್ತಿಸುವುದು, ತೆರೆಗೆ ಕಳುಹಿಸುವುದು - ಹೀಗೆ ಕೆಲಸಕ್ಕೆ ನಾಲ್ಕು ಹಂತಗಳುಂಟು. ವಿಳಂಬ ಎಲ್ಲಿದೆಯೆಂದು ಊಹಿಸದೆ ಅಳೆದು ನೋಡಬೇಕು. ಚಿತ್ರವನ್ನು ತೆರೆಗೆ ತಾರದೆ ಕೇವಲ ಓದಿ ಬಿಡಿಸುವ ಏರ್ಪಾಡು ಎಫ್‌ಎಫ್‌ಎಂಪೆಗ್‌ನಲ್ಲಿದೆ. ಹತ್ತು ನಿಮಿಷದ ಚಿತ್ರವನ್ನು ಬಿಡಿಸಲು ಹನ್ನೆರಡು ನಿಮಿಷ ಹಿಡಿದರೆ ತೊಡಕು ಮೊದಲೆರಡು ಹಂತಗಳಲ್ಲಿದೆ. ಓದುವಿಕೆ ಸರಿಯಿದ್ದರೆ ಬಿಡಿಸುವ ಕೆಲಸವನ್ನು ಸಂಸ್ಕಾರಕದ ಹಲವು ತಿರುಳುಗಳಿಗೆ ಹಂಚಬಹುದು. ಗ್ರಾಫಿಕ್ಸ್ ಘಟಕಕ್ಕೆ ಒಪ್ಪಿಸಬಹುದು. ಇಲ್ಲವೇ ಚಿಕ್ಕ ಅಳತೆಯ ಚಿತ್ರವನ್ನು ಬಳಸಬಹುದು. ಮೂರೇ ನಿಮಿಷ ಸಾಕಾದರೆ ತೊಡಕು ಮುಂದಿನ ಹಂತಗಳಲ್ಲಿದೆಯೆಂದು ತಿಳಿಯಬೇಕು.

ಅಡಕದಲ್ಲಿ ಬೆಳಕು ಮತ್ತು ಬಣ್ಣ ಬೇರೆ ಬೇರೆಯಾಗಿರುತ್ತವೆ. ತೆರೆಗಾದರೋ ಕೆಂಪು, ಹಸಿರು, ನೀಲಿಗಳು ಬೇಕು. ಈ ಪರಿವರ್ತನೆಯ ಸಲಕರಣೆಯನ್ನು ಒಮ್ಮೆ ಸಿದ್ಧಪಡಿಸಿದರೆ ಸಾಕು. ಪ್ರತಿ ಚಿತ್ರಕ್ಕೂ ಅದನ್ನು ಕಟ್ಟಿ ಕೆಡವುವ ತಂತ್ರಾಂಶವು ರೊಟ್ಟಿಗೊಂದು ಒಲೆ ಹೂಡಿದಂತೆ ಕಾಲವನ್ನು ಕಳೆಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತಪ್ಪು ಇನ್ನೊಂದುಂಟು. ಸೆಕೆಂಡಿಗೆ 25 ಚಿತ್ರಗಳೆಂದು ತಿಳಿದು, ಪ್ರತಿ ಚಿತ್ರವಾದ ಮೇಲೆ 40 ಮಿಲಿಸೆಕೆಂಡು ಕಾಯಬೇಕೆಂದು ಕೆಲವರು ಆಜ್ಞೆ ಬರೆಯುತ್ತಾರೆ. ಚಿತ್ರವನ್ನು ಸಿದ್ಧಪಡಿಸಲು 15 ಮಿಲಿಸೆಕೆಂಡು ಹಿಡಿದರೆ ಒಟ್ಟು ಕಾಲ 55 ಆಗುತ್ತದೆ. ಸೆಕೆಂಡಿಗೆ ಮೂಡುವುದು 18 ಚಿತ್ರಗಳು ಮಾತ್ರ. ಮೂರು ಪಟ್ಟು ವೇಗದ ಯಂತ್ರವನ್ನು ತಂದರೂ ಒಟ್ಟು ಕಾಲ 45, ಚಿತ್ರಗಳು 22. ತಡವರಿಕೆ ತಪ್ಪದು! ಪ್ರತಿ ಚಿತ್ರದೊಡನೆಯೂ ಅದು ಮೂಡಬೇಕಾದ ವೇಳೆ ಬರೆದಿರುತ್ತದೆ. ಆ ವೇಳೆಗೆ ಉಳಿದಷ್ಟು ಕಾಲ ಮಾತ್ರ ಕಾಯುವಂತೆ ತಿದ್ದಿದರೆ ಹಳೆಯ ಯಂತ್ರದಲ್ಲಿಯೇ ಚಿತ್ರ ಸರಾಗವಾಗಿ ಸಾಗುತ್ತದೆ.

ನಾಡಿ ನೋಡದೆ ಮದ್ದು ಕೊಡುವವನು ವೈದ್ಯನಲ್ಲ. ಯಂತ್ರದ ವಿಷಯದಲ್ಲಿಯೂ ಅಳತೆ ಮೊದಲು, ಚಿಕಿತ್ಸೆ ಅನಂತರ.