ಪಲ್ಲಾವರದ ಕರಿಗಲ್ಲು

ಪಲ್ಲಾವರ, ತ್ರಿಶೂಲಂ, ಪರಂಗಿಮಲೈ ಈ ನಿಲ್ದಾಣಗಳ ನಡುವೆ ದಿನವೂ ರೈಲಿನಲ್ಲಿ ಓಡಾಡುವ ನಮ್ಮವರಿಗೆ ಇಲ್ಲಿಯ ಬೋಳು ಗುಡ್ಡಗಳ ಪರಿಚಯ ಹೊಸದಲ್ಲ. ಗುಡ್ಡಗಳನ್ನು ಒಡೆದು ತೆಗೆದ ಜಲ್ಲಿಯೂ ಪರಿಚಿತವೇ. ಇಲ್ಲಿಯ ಜನ ಇದನ್ನು ಕರುಂಗಲ್ ಎನ್ನುತ್ತಾರೆ. ನಾವು ಊರಿನಲ್ಲಿ ಕರಿಗಲ್ಲು ಎನ್ನುವ ಮಾತೇ ಅದು. ಆದರೆ ಈ ಕಲ್ಲಿನ ಹೆಸರು ಭೂವಿಜ್ಞಾನದ ಗ್ರಂಥಗಳಲ್ಲಿ ಪ್ರಪಂಚದ ಉದ್ದಗಲಕ್ಕೂ ಹಬ್ಬಿದೆ ಎಂಬುದನ್ನೂ, ಇದಕ್ಕೂ ನಮ್ಮ ಕನಕಪುರದ ಸೀಮೆಗೂ ನಂಟುಂಟು ಎಂಬುದನ್ನೂ ಬಲ್ಲವರು ಕಡಮೆ. ಇದರ ಧೂಳು ಕೆಲಸಗಾರನಿಗೆ ಏನು ಮಾಡಬಲ್ಲುದೆಂಬುದನ್ನಂತೂ ಎಲ್ಲರೂ ತಿಳಿದಿರಬೇಕು. ಈ ಮೂರು ಸಂಗತಿಗಳನ್ನು ನಮಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇವೆ.

ಮೊದಲು ಹೆಸರಿನ ಕಥೆ. ೧೬೯೦ರಲ್ಲಿ ಹೂಗ್ಲಿ ನದಿಯ ದಡದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕೋಠಿಯನ್ನು ನೆಲೆಗೊಳಿಸಿದವನು ಜಾಬ್ ಚಾರ್ನಾಕ್. ಅವನ ಗೋರಿ ಕಲ್ಕತ್ತೆಯ ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿದೆ. ಭಾರತ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಟಿ. ಎಚ್. ಹಾಲೆಂಡ್ ಎಂಬವರು ಆ ಗೋರಿಯ ಕಲ್ಲನ್ನು ಪರೀಕ್ಷಿಸಿ, ಅದು ಮದರಾಸಿನ ಬಳಿಯ ಪಲ್ಲಾವರ ಮತ್ತು ಪರಂಗಿಮಲೈ ಗುಡ್ಡಗಳ ಜಾತಿಯ ಕಲ್ಲೆಂದು ಗುರುತಿಸಿದರು. ೧೮೯೩ರಲ್ಲಿ ಅದಕ್ಕೆ ಚಾರ್ನೋಕೈಟು ಎಂದು ಹೆಸರಿಟ್ಟರು. ಹೀಗೆ ಮಣ್ಣಾದವನ ಹೆಸರು ಕಲ್ಲಿಗೆ ಅಂಟಿತು. ಇಂದು ಅಂಟಾರ್ಕ್ಟಿಕದಲ್ಲಿ ಇಂಥ ಶಿಲೆ ಸಿಕ್ಕರೂ ಅದನ್ನು ಈ ಹೆಸರಿನಿಂದಲೇ ಕರೆಯುತ್ತಾರೆ. ಪರಂಗಿಮಲೈಯ ಚಾರ್ನೋಕೈಟನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಗಿದೆ. ಪಲ್ಲವರ ಒಂದನೆಯ ಮಹೇಂದ್ರವರ್ಮನ ಕಾಲದಲ್ಲಿ, ಎಂದರೆ ಏಳನೆಯ ಶತಮಾನದಲ್ಲಿ, ಪಲ್ಲಾವರದ ಗುಡ್ಡದಲ್ಲಿ ಕೊರೆದ ಗುಹೆಯೊಂದು ಈಗ ದರ್ಗಾ ಆಗಿ ಉಳಿದಿದೆ. ಈ ಕಲ್ಲು ಎಷ್ಟು ಬಾಳುವಂಥದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೊಸದಾಗಿ ಒಡೆದ ಚೂರೊಂದನ್ನು ಬಿಸಿಲಿಗೆ ಹಿಡಿದು ನೋಡಿದರೆ ಎಣ್ಣೆ ಸವರಿದಂಥ ಹೊಳಪು, ಹಸುರು ಬೆರೆತ ಬೂದು ಬಣ್ಣ ಕಾಣುತ್ತದೆ. ಅದರಲ್ಲಿ ಗಾಜಿನಂತಿರುವ ಕಣಗಳು ಬೆಣಚು, ಎಂದರೆ ಕ್ವಾರ್ಟ್ಜ್. ನಯವಾದ ಮುಖಗಳಾಗಿ ಒಡೆದು ಹೊಳೆಯುವುವು ಫೆಲ್ಡ್‌ಸ್ಪಾರ್. ಕಂದು ಮಿಶ್ರಿತ ಕಪ್ಪಾಗಿ ಕಾಣುವ ಕಣಗಳಲ್ಲಿ ಮುಖ್ಯವಾದುದು ಹೈಪರ್ಸ್ತೀನ್ ಎಂಬ ಖನಿಜ. ಇದೇ ಚಾರ್ನೋಕೈಟಿನ ಗುರುತು. ಇದಿಲ್ಲದಿದ್ದರೆ ಈ ಕಲ್ಲು ಹೆಚ್ಚುಕಡಮೆ ಸಾಮಾನ್ಯ ಗ್ರಾನೈಟು ಎನಿಸಿಕೊಳ್ಳುತ್ತಿತ್ತು.

ಇವುಗಳ ಒಳರಚನೆ ತಿಳಿಯಲು ನಾಲ್ಕು ನಿಂಬೆಹಣ್ಣು ಸಾಕು. ಮೂರನ್ನು ಒತ್ತಾಗಿ ಕೆಳಗಿಟ್ಟು, ಅವುಗಳ ಮೇಲೆ ನಾಲ್ಕನೆಯದನ್ನು ಕೂರಿಸಿರಿ. ನಡುವೆ ಒಂದು ಪುಟ್ಟ ಸಂದು ಉಳಿಯುತ್ತದೆ. ನಿಂಬೆಹಣ್ಣುಗಳು ಆಮ್ಲಜನಕದ ಪರಮಾಣುಗಳೆಂದೂ, ಸಂದಿನಲ್ಲಿ ಒಂದು ಮೆಣಸಿನ ಕಾಳಿನಂತೆ ಸಿಲಿಕನ್ನಿನ ಪರಮಾಣು ಕುಳಿತಿದೆಯೆಂದೂ ಭಾವಿಸಿದರೆ ಅದೇ ಕಲ್ಲಿನ ಮೂಲ ಘಟಕ. ಸಿಲಿಕನ್ನಿನ ಬದಲು ಗಂಧಕದ ಪರಮಾಣು ಕುಳಿತರೆ ಅದು ಸಲ್ಫೇಟು. ಎರಡಕ್ಕೂ ಆಕಾರ ಒಂದೇ. ಸ್ವಭಾವ ಬೇರೆಯಾಗುವುದು ಈ ಘಟಕಗಳು ಒಂದಕ್ಕೊಂದು ಕೈಹಿಡಿಯುವ ರೀತಿಯಿಂದ.

ಸಲ್ಫೇಟಿನಲ್ಲಿ ಘಟಕಗಳು ತಮ್ಮತಮ್ಮಲ್ಲಿ ಕೈಹಿಡಿಯುವುದಿಲ್ಲ. ಒಂದೊಂದೂ ಬಿಡಿ, ನಡುವೆ ಲೋಹದ ಪರಮಾಣುಗಳು ಬಂದು ಕಟ್ಟಿಹಾಕಿರುತ್ತವೆ. ಅಡಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಹೊಡೆಯುವ ಮೈಲುತುತ್ತ ನಮ್ಮ ಮಲೆನಾಡಿನವರಿಗೆ ಗೊತ್ತಿದೆ. ಅದು ತಾಮ್ರದ ಸಲ್ಫೇಟು. ಅದರ ನೀಲಿ ಹರಳಿನೊಳಗೆ ನೀರು ಅಡಗಿದೆ. ನೂರು ಗ್ರಾಂ ತುತ್ತದಲ್ಲಿ ಸುಮಾರು ೩೬ ಗ್ರಾಂ ನೀರೇ. ಕಾಯಿಸಿದರೆ ನೀರು ಹೋಗಿ ಬಿಳಿಯ ಪುಡಿ ಉಳಿಯುತ್ತದೆ. ಆ ಪುಡಿಗೆ ಒಂದು ತೊಟ್ಟು ನೀರು ಬಿದ್ದರೆ ಮತ್ತೆ ನೀಲಿ. (ತುತ್ತ ವಿಷ, ಮನೆಯಲ್ಲಿ ಈ ಪರೀಕ್ಷೆ ಬೇಡ.) ನೀರಿಲ್ಲದ ಈ ತಾಮ್ರದ ಸಲ್ಫೇಟು ಪ್ರಕೃತಿಯಲ್ಲಿ ಬಹು ಅಪೂರ್ವ. ಇಟಲಿಯ ವೆಸೂವಿಯಸ್, ರಷ್ಯದ ಟೋಲ್ಬಾಚಿಕ್ ಮೊದಲಾದ ಜ್ವಾಲಾಮುಖಿಗಳಲ್ಲಿ ಬಿಸಿ ಹೊಗೆಯುಗುಳುವ ಬಿರುಕುಗಳ ಬಾಯಲ್ಲಿ ಅದು ಹರಳುಗಟ್ಟುತ್ತದೆ. ಕಾಲ್ಕೊಸಯನೈಟು ಎಂದು ಅದರ ಹೆಸರು. ಗಾಳಿಯ ತೇವ ಸೋಕಿದರೆ ಅದು ನೀಲಿಗೆ ತಿರುಗುತ್ತದೆ; ಮಳೆ ಬಿದ್ದರೆ ಕರಗಿ ಹರಿದುಹೋಗುತ್ತದೆ. ಎಲ್ಲ ಸಲ್ಫೇಟುಗಳೂ ಇಷ್ಟು ದುರ್ಬಲವಲ್ಲ. ಆದರೆ ಬಿಡಿಬಿಡಿಯಾಗಿರುವವರ ಗತಿಗೆ ಇದೊಂದು ಒಳ್ಳೆಯ ಉದಾಹರಣೆ.

ಸಿಲಿಕನ್ನಿನ ಘಟಕಗಳಾದರೋ ಒಂದು ನಿಂಬೆಹಣ್ಣನ್ನು ಇಬ್ಬರು ಹಂಚಿಕೊಂಡಂತೆ ಮೂಲೆಯ ಆಮ್ಲಜನಕವನ್ನು ಹಂಚಿಕೊಂಡು ಕೂಡಿಕೊಳ್ಳುತ್ತವೆ. ಮಿಲ್ಲಿನವರಿಗೆ ಇದನ್ನು ಹೇಳುವುದು ಸುಲಭ. ಸಲ್ಫೇಟು ಬಿಡಿ ಅರಳೆ. ಹೈಪರ್ಸ್ತೀನಿನಲ್ಲಿ ಪ್ರತಿಯೊಂದು ಘಟಕವೂ ಎರಡು ಮೂಲೆಗಳನ್ನು ಹಂಚಿಕೊಂಡು ಉದ್ದನೆಯ ಒಂಟಿ ಎಳೆಯಾಗುತ್ತದೆ. ಹಾರ್ನ್‌ಬ್ಲೆಂಡ್ ಎಂಬ ಖನಿಜದಲ್ಲಿ ಅದು ಜೋಡಿ ಎಳೆ. ಅಭ್ರಕದಲ್ಲಿ ನೇಯ್ದ ಬಟ್ಟೆ. ಆದುದರಿಂದಲೇ ಅಭ್ರಕ ಪದರಪದರವಾಗಿ ಸುಲಿಯುತ್ತದೆ. ಬೆಣಚಿನಲ್ಲಿ ನಾಲ್ಕು ಮೂಲೆಗಳೂ ಹಂಚಿಹೋಗಿ, ಮೇಲೆ ಕೆಳಗೆ ಅಕ್ಕಪಕ್ಕ ಎಲ್ಲ ಕಡೆಗೂ ಗಂಟುಬಿದ್ದ ಬಲೆ.

ಹೈಪರ್ಸ್ತೀನಿನ ಎಳೆಗಳ ನಡುವೆ ಮೆಗ್ನೀಸಿಯಂ ಮತ್ತು ಕಬ್ಬಿಣದ ಪರಮಾಣುಗಳು ಕುಳಿತು ಅವನ್ನು ಬಿಗಿದಿರುತ್ತವೆ. ಇಂಥ ರಚನೆಯನ್ನು ಎಕ್ಸ್-ಕಿರಣಗಳ ಸಹಾಯದಿಂದ ೧೯೩೦ರಲ್ಲಿ ವಾರನ್ ಮತ್ತು ಮೊಡೆಲ್ ಎಂಬವರು ಬಿಡಿಸಿದರು. ಈ ಹರಳಿನ ಚೌಕಟ್ಟು ಬೆಂಕಿಪೊಟ್ಟಣದಂಥದು: ಮೂಲೆಗಳೆಲ್ಲ ಚೌಕ, ಉದ್ದ ಅಗಲ ಎತ್ತರ ಮೂರೂ ಬೇರೆ. ಸೋಜಿಗವೆಂದರೆ ಮೇಲೆ ಹೇಳಿದ ಜ್ವಾಲಾಮುಖಿಯ ಸಲ್ಫೇಟಿನ ಚೌಕಟ್ಟೂ ಇದೇ ಜಾತಿಯದು. ಚೌಕಟ್ಟು ಒಂದೇ ಆದರೂ ಒಂದು ಮಳೆಗೆ ಕರಗುತ್ತದೆ, ಇನ್ನೊಂದು ಗುಡ್ಡವಾಗಿ ನಿಲ್ಲುತ್ತದೆ. ಎಳೆಗಳ ನಡುವಣ ಬಂಧ ಎಳೆಯೊಳಗಿನ ಬಂಧಕ್ಕಿಂತ ಸಡಿಲವಾದ್ದರಿಂದ ಹೈಪರ್ಸ್ತೀನ್ ಎರಡು ದಿಕ್ಕಿನಲ್ಲಿ, ಹೆಚ್ಚುಕಡಮೆ ಲಂಬಕೋನದಲ್ಲಿ, ಸೀಳುತ್ತದೆ. ಹತ್ತು ಮೆಟ್ಟಿಲಿನ ಗಡಸುತನದ ಪಟ್ಟಿಯಲ್ಲಿ ಅದಕ್ಕೆ ೫ರಿಂದ ೬ರ ಸ್ಥಾನ, ಬೆಣಚಿಗೆ ೭. ತೆಳ್ಳಗೆ ಉಜ್ಜಿದ ಪದರವನ್ನು ಧ್ರುವೀಕರಿಸಿದ ಬೆಳಕಿನ ಸೂಕ್ಷ್ಮದರ್ಶಕದಲ್ಲಿಟ್ಟು ತಿರುಗಿಸಿದರೆ ಅದರ ಬಣ್ಣ ನಸುಗೆಂಪಿನಿಂದ ಹಸುರಿಗೆ ಬದಲಾಗುತ್ತದೆ. ಈಗಿನ ಪರಿಭಾಷೆಯಲ್ಲಿ ಹೈಪರ್ಸ್ತೀನ್ ಎಂಬ ಹೆಸರನ್ನು ಬಿಟ್ಟು ಆರ್ಥೋಪೈರಾಕ್ಸೀನ್ ಎನ್ನುತ್ತಾರೆ. ಹಳೆಯ ಹೆಸರೂ ಬಳಕೆಯಲ್ಲುಂಟು.

ಇನ್ನು ಕನಕಪುರದ ನಂಟು. ಜೋಡಿ ಎಳೆಯ ಹಾರ್ನ್‌ಬ್ಲೆಂಡ್ ಮತ್ತು ಬಟ್ಟೆಯಂಥ ಕರಿ ಅಭ್ರಕ ಇವೆರಡೂ ತಮ್ಮ ರಚನೆಯಲ್ಲಿ ನೀರಿನ ಅಂಶವನ್ನು ಇಟ್ಟುಕೊಂಡಿರುತ್ತವೆ. ಒಂಟಿ ಎಳೆಯ ಹೈಪರ್ಸ್ತೀನಿನಲ್ಲಿ ನೀರಿಗೆ ಸ್ಥಳವಿಲ್ಲ. ಹಾಗಾದರೆ ನೀರುಳ್ಳ ಕಲ್ಲು ಒಣಕಲ್ಲಾಗಿ ಮಾರ್ಪಡಬಲ್ಲುದೇ? ಇದಕ್ಕೆ ಉತ್ತರ ಕನಕಪುರ ತಾಲ್ಲೂಕಿನ ಕಬ್ಬಾಳು ದುರ್ಗದಲ್ಲಿ ದೊರೆಯಿತು. ಕಬ್ಬಾಳಮ್ಮನ ಜಾತ್ರೆಗೆ ಹೋದವರು ಆ ಬೆಟ್ಟವನ್ನು ಬಲ್ಲರು. ಅಲ್ಲಿಯ ಕಲ್ಲುಗಣಿಯಲ್ಲಿ ಬೂದು ಬಣ್ಣದ ಪಟ್ಟೆಪಟ್ಟೆಯ ನೈಸ್ ಶಿಲೆಯ ನಡುವೆ ಹಸುರು ಕಂದಿನ ಚಾರ್ನೋಕೈಟು ಬಳ್ಳಿಗಳಂತೆ, ತೇಪೆಗಳಂತೆ ಹಬ್ಬಿದೆ. ನೈಸಿನ ಪಟ್ಟೆಗಳು ಚಾರ್ನೋಕೈಟಿನೊಳಗೆ ಹೋಗುತ್ತಾ ಮಸುಕಾಗಿ ಮಾಯವಾಗುತ್ತವೆ. ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು ಇದನ್ನು ಕಂಡು, ಚಾರ್ನೋಕೈಟು ತಯಾರಾಗುತ್ತಿರುವಾಗಲೇ ನಿಂತುಹೋದ ನೋಟವಿದು ಎಂದು ೧೯೬೦ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯೂ ನೈಸ್ ಜಾತಿಯದೇ. ಎಂದರೆ ಲಾಲ್‌ಬಾಗಿನ ಬಂಡೆಯ ಜಾತಿಯು ಪಲ್ಲಾವರದ ಬಂಡೆಯ ಜಾತಿಯಾಗಿ ತಿರುಗುವ ನಡುದಾರಿಯು ಕಬ್ಬಾಳಿನಲ್ಲಿ ಕಲ್ಲಾಗಿ ನಿಂತಿದೆ.

ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ, ಭೂಮಿಯೊಳಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ಆಳದಲ್ಲಿ, ೭೦೦ ಡಿಗ್ರಿ ಸೆಂಟಿಗ್ರೇಡ್ ಅಥವಾ ಅದಕ್ಕೂ ಮಿಕ್ಕ ಶಾಖದಲ್ಲಿ ಈ ಮಾರ್ಪಾಡು ನಡೆಯಿತು. ಅಭ್ರಕವೂ ಬೆಣಚೂ ಕೂಡಿ ಹೈಪರ್ಸ್ತೀನೂ ಫೆಲ್ಡ್‌ಸ್ಪಾರೂ ಆದುವು, ನೀರು ಹೊರಬಿತ್ತು. ಬಿರುಕುಗಳಲ್ಲಿ ಕೆಳಗಿನಿಂದ ಏರಿಬಂದ ಇಂಗಾಲದ ಡೈಆಕ್ಸೈಡು ಆ ನೀರನ್ನು ಹೊರದೂಡಲು ನೆರವಾಯಿತೆಂದು ಮೈಸೂರು ವಿಶ್ವವಿದ್ಯಾನಿಲಯದ ಎ. ಎಸ್. ಜನಾರ್ದನ್, ಅಮೆರಿಕದ ನ್ಯೂಟನ್ ಮತ್ತು ಹ್ಯಾನ್ಸನ್ ೧೯೮೨ರಲ್ಲಿ ವಿವರಿಸಿದರು. ಪಲ್ಲಾವರದ ಕಲ್ಲು ಕರಗಿದ ಶಿಲಾರಸ ಆರಿ ಆದದ್ದೆಂಬುದು ಹಾಲೆಂಡರ ಮತವಾಗಿತ್ತು. ಚಾರ್ನೋಕೈಟು ಎರಡು ದಾರಿಯಿಂದಲೂ ಹುಟ್ಟಬಹುದೆಂದು ಈಗ ವಿದ್ವಾಂಸರು ಒಪ್ಪುತ್ತಾರೆ. ಯಾವ ದಾರಿಯಾದರೂ ಹುಟ್ಟುವಾಗ ನೀರು ಕಡಮೆ ಇರಬೇಕು.

ಕೊನೆಯದಾಗಿ ಧೂಳಿನ ವಿಷಯ. ತುತ್ತದಂಥ ಹರಳು ನೀರಿಗೆ ಬಿದ್ದರೆ ಕರಗುತ್ತದೆ. ಬೆಣಚಿನ ಬಲೆ ಶರೀರದ ತೇವಕ್ಕೆ ಸುಲಭವಾಗಿ ಕರಗದು. ಗುಡ್ಡ ನಿಲ್ಲುವುದಕ್ಕೆ ಕಾರಣವಾದ ಈ ಗುಣವೇ ಎದೆಯೊಳಗೆ ಹೊಕ್ಕಾಗ ಕೇಡಾಗುತ್ತದೆ. ಜಲ್ಲಿ ಯಂತ್ರ, ಕಲ್ಲು ಕೊರೆಯುವ ಯಂತ್ರ, ಕಲ್ಲು ಕತ್ತರಿಸುವ ಚಕ್ರ ಇವುಗಳಿಂದ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳು ಮೂಗು ಗಂಟಲುಗಳಲ್ಲೇ ನಿಲ್ಲುತ್ತವೆ. ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿಗಿಂತ ಸಣ್ಣವು ಕಣ್ಣಿಗೆ ಕಾಣುವುದಿಲ್ಲ. ಅವೇ ಶ್ವಾಸಕೋಶದ ತುದಿಯವರೆಗೆ ಹೋಗತಕ್ಕವು. ಅವನ್ನು ನುಂಗಿ ತೆಗೆಯಲು ಬಂದ ರಕ್ಷಕ ಜೀವಕೋಶಗಳು ತಾವೇ ಸಾಯುತ್ತವೆ. ಆ ಜಾಗದಲ್ಲಿ ಗಾಯದ ಕಲೆಯಂಥ ಗಂಟುಗಳು ಬೆಳೆದು ಶ್ವಾಸಕೋಶ ಬಿರುಸಾಗುತ್ತದೆ. ಇದೇ ಸಿಲಿಕೋಸಿಸ್. ಕೋಲಾರದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚುವುದಕ್ಕೆ ಎಷ್ಟೋ ಮೊದಲೇ ಅಲ್ಲಿ ದುಡಿದವರನ್ನು ಈ ರೋಗ ಕಾಡಿತ್ತು. ೧೯೪೮ರ ಕಾರ್ಖಾನೆಗಳ ಕಾಯಿದೆಯಲ್ಲೇ ಇದು ಕಡ್ಡಾಯವಾಗಿ ವರದಿಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿತ್ತು. ಬೆಣಚಿನ ಧೂಳು ಕ್ಯಾನ್ಸರಿಗೂ ಕಾರಣವೆಂದು ೧೯೯೭ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಾರಿತು.

ಈ ರೋಗ ಬಂದ ಮೇಲೆ ಪೂರ್ತಿ ವಾಸಿಮಾಡುವ ಮದ್ದಿಲ್ಲ. ಬರದಂತೆ ನೋಡಿಕೊಳ್ಳುವುದೇ ಮದ್ದು. ಕಲ್ಲು ಕೊರೆಯುವಲ್ಲಿ, ಕತ್ತರಿಸುವಲ್ಲಿ ನೀರು ಬಿಡುತ್ತಲೇ ಕೆಲಸ ಮಾಡಬೇಕು. ಒದ್ದೆ ಧೂಳು ಮೇಲೇಳದು. ಒಣ ಪೊರಕೆಯಿಂದ ಗುಡಿಸಬಾರದು. ಮುಖಕ್ಕೆ ಕಟ್ಟಿದ ಟವಲು ಸಣ್ಣ ಕಣಗಳನ್ನು ತಡೆಯದು. ಅದಕ್ಕೆಂದೇ ಮಾಡಿದ, ಮುಖಕ್ಕೆ ಬಿಗಿಯಾಗಿ ಕೂರುವ ಮುಸುಕು ಬೇಕು. ಕೆಲಸದ ಬಟ್ಟೆಯನ್ನು ಮನೆಯೊಳಗೆ, ಮಕ್ಕಳ ಬಳಿ ಕೊಡವಬಾರದು. ಬಿಡದ ಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು ಕಂಡರೆ ವೈದ್ಯರಿಗೆ ಕಾಯಿಲೆಯ ಜೊತೆಗೆ ಕಲ್ಲಿನ ಕೆಲಸ ಎಷ್ಟು ವರ್ಷ ಮಾಡಿದ್ದೆಂಬುದನ್ನೂ ಹೇಳಬೇಕು. ಈ ರೋಗಿಗಳಿಗೆ ಕ್ಷಯ ತಗಲುವ ಸಂಭವ ಹೆಚ್ಚಾದ್ದರಿಂದ ಕಫದ ಪರೀಕ್ಷೆಯನ್ನೂ ಮಾಡಿಸಬೇಕು.

ಗುಮಾಸ್ತೆಗಳಾದ ನಮ್ಮಲ್ಲಿ ಹಲವರಿಗೆ ಈ ಧೂಳು ದೂರದ ಮಾತು. ಆದರೆ ನಮ್ಮ ಊರುಗಳಿಂದ ಬಂದು ಕಟ್ಟಡದಲ್ಲಿ, ಜಲ್ಲಿ ಯಂತ್ರದಲ್ಲಿ ದುಡಿಯುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಈ ಪತ್ರಿಕೆ ಓದಲಾರದವರೂ ಉಂಟು. ಓದಬಲ್ಲವರು ಕೊನೆಯ ಎರಡು ಭಾಗಗಳನ್ನಾದರೂ ಅವರಿಗೆ ಓದಿ ಹೇಳಬೇಕೆಂದು ವಿನಂತಿಸುತ್ತೇವೆ.