ಇಲ್ಲಿಯವರೂ ಅಲ್ಲ, ಅಲ್ಲಿಯವರೂ ಅಲ್ಲ!



ಕಳೆದ ತಿಂಗಳು ಊರಿಗೆ ಫೋನ್ ಮಾಡಿದಾಗ ನನ್ನ ಮಗಳು ಅಜ್ಜಿಗೆ "ಪಕ್ಕದ ಮನೆ ನಾಯಿ ಬಂದರು" ಎಂದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಂದಿನಿಂದ ಅಜ್ಜಿಯ ಜೊತೆ ಬರೀ ಇಂಗ್ಲಿಷ್! ಆಫೀಸಿನಲ್ಲಿ ಇದನ್ನು ಹೇಳಿದಾಗ ಒಬ್ಬ ಸಹೋದ್ಯೋಗಿ ಮಾತ್ರ ನಗಲಿಲ್ಲ. ಅವರು ಪೂರ್ವ ಲಾಸ್ ಏಂಜಲೀಸ್‌ನಲ್ಲಿ ಬೆಳೆದ ಚಿಕಾನೊ.

ಚಿಕಾನೊ ಎಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರು. ಒಂದು ಕಾಲಕ್ಕೆ ಬೈಗುಳದಂತಿದ್ದ ಈ ಹೆಸರನ್ನು 1960ರ ದಶಕದ ಯುವಕರು ಹೆಮ್ಮೆಯಿಂದ ತಮ್ಮದಾಗಿಸಿಕೊಂಡರು. ಇವರೆಲ್ಲ ನಮ್ಮಂತೆ ವಲಸೆ ಬಂದವರೇ ಎಂದುಕೊಳ್ಳಬೇಡಿ. ಯುದ್ಧದಲ್ಲಿ ಸೋತ ಮೆಕ್ಸಿಕೋ, 1848ರ ಗ್ವಾದಲೂಪೆ ಹಿದಾಲ್ಗೊ ಒಪ್ಪಂದದಂತೆ ಕ್ಯಾಲಿಫೋರ್ನಿಯಾ ಸೇರಿದಂತೆ ದೊಡ್ಡ ಭೂಭಾಗವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿದ್ದ ಜನ ಕೂತಲ್ಲೇ ಬೇರೆ ದೇಶದವರಾದರು. "ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು" ಎಂಬ ಮಾತು ಇವರಲ್ಲಿ ಪ್ರಸಿದ್ಧ.

ಮುಂದೆ ಎಷ್ಟೋ ಶಾಲೆಗಳಲ್ಲಿ ಸ್ಪ್ಯಾನಿಷ್ ಮಾತನಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. 1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಸಾವಿರಾರು ಹೈಸ್ಕೂಲು ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಶಿಕ್ಷಕ ಸಾಲ್ ಕ್ಯಾಸ್ಟ್ರೊ ಅವರ ಬೆನ್ನಿಗೆ ನಿಂತರು. ಎರಡು ಭಾಷೆಗಳಲ್ಲಿ ಪಾಠ, ಪುಸ್ತಕದಲ್ಲಿ ತಮ್ಮ ಇತಿಹಾಸ ಇವೆಲ್ಲ ಅವರ ಬೇಡಿಕೆಗಳು. ಆದರೂ ಹಗ್ಗಜಗ್ಗಾಟ ನಿಲ್ಲಲಿಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ದ್ವಿಭಾಷಾ ಬೋಧನೆಗೆ ಕಡಿವಾಣ ಹಾಕಿದರು. 2016ರಲ್ಲಿ ಅವರೇ ಅದನ್ನು ಸಡಿಲಿಸಿದರು.

ನನ್ನ ಸಹೋದ್ಯೋಗಿಯ ತಂದೆ ಶಾಲೆಯಲ್ಲಿ ಸ್ಪ್ಯಾನಿಷ್‌ಗಾಗಿ ಏಟು ತಿಂದವರು. ಮಕ್ಕಳಿಗೆ ಆ ಕಷ್ಟ ಬೇಡವೆಂದು ಮನೆಯಲ್ಲೂ ಇಂಗ್ಲಿಷ್ ಆಡಿದರು. ಮಗ ರಜೆಗೆ ಮೆಕ್ಸಿಕೋಗೆ ಹೋದರೆ ಅಲ್ಲಿನ ನೆಂಟರು "ಪೋಚೋ" ಎಂದು ನಕ್ಕರು. ಅಮೆರಿಕದ ಗಾಳಿ ಬಡಿದು ತಾಯ್ನುಡಿ ಕೆಡಿಸಿಕೊಂಡವನು ಎಂಬ ಹೀಯಾಳಿಕೆ ಅದು. "ಏಟಿಗೆ ಅಪ್ಪ ಮಾತು ಬಿಟ್ಟರು, ನಗುವಿಗೆ ನಾನು ಬಿಟ್ಟೆ" ಎಂದರು ಅವರು.

ಟೆಕ್ಸಾಸ್‌ನ ಗಡಿಸೀಮೆಯಲ್ಲಿ ಬೆಳೆದ ಲೇಖಕಿ ಗ್ಲೋರಿಯಾ ಅನ್ಸಾಲ್ದುವಾ ತಮ್ಮ 1987ರ ಪುಸ್ತಕದಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಎರಡನ್ನೂ ಬೆರೆಸಿಯೇ ಬರೆದರು. ಚಿಕಾನೊ ಸ್ಪ್ಯಾನಿಷ್ ಕೆಟ್ಟ ಭಾಷೆಯಲ್ಲ, ಜೀವಂತ ಭಾಷೆ ಎಂಬುದು ಅವರ ವಾದ.

ನಮ್ಮ ಮಕ್ಕಳಿಗೆ ಕನ್ನಡಕ್ಕಾಗಿ ಇಲ್ಲಿ ಯಾರೂ ಹೊಡೆಯುವುದಿಲ್ಲ. ಆದರೆ ನಗುವವರು ನಾವೇ ಅಲ್ಲವೇ? ಮನೆಗೆ ಬಂದು ಮಗಳ ಕ್ಷಮೆ ಕೇಳಿದೆ. ಅಮ್ಮನಿಗೂ ಹೇಳಿದೆ. ಮುಂದಿನ ಭಾನುವಾರ ಅಮ್ಮನೇ ಕೇಳಿದರು: "ಪುಟ್ಟಿ, ಆ ನಾಯಿ ಮತ್ತೆ ಬಂದರಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಮಗಳೆಂದಳು: "ಬಂದರು ಅಜ್ಜಿ. ಊಟಾನೂ ಮಾಡಿದರು."

ಈ ಸಲ ನಾವ್ಯಾರೂ ನಗಲಿಲ್ಲ.